‘ಡಿಸ್ಕ್ ಬೆಂಡ್ ಆಗಿದೆ’ ಅನ್ನುವ ಮೊದಲು ಅಳೆಯಿರಿ

ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಲವಾಗಿ ಬ್ರೇಕ್ ಒತ್ತಿದಾಗ ಕಾರು ಗಡಗಡ ನಡುಗಿದರೆ, ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಡಿಸ್ಕ್ ಬೆಂಡ್ ಆಗಿದೆ ಸಾರ್, ಎರಡೂ ಬದಲಿಸಬೇಕು.’ ಚೆನ್ನೈನ ಕ್ರೋಂಪೇಟೆಯಲ್ಲಿ ಅದನ್ನು ತಮಿಳಿನಲ್ಲಿ ಹೇಳುತ್ತಾರೆ, ಮೈಸೂರಿನಲ್ಲಿ ಕನ್ನಡದಲ್ಲಿ. ಬಹಳ ಸಲ ಚಕ್ರ ಬಿಚ್ಚುವ ಮೊದಲೇ ತೀರ್ಪು ಬಂದಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಗೆ ರಿಪೇರಿ ಎಂಬ ಹೆಸರು ಸಲ್ಲದು.

ಇದು ಕ್ರೋಂಪೇಟೆಯಲ್ಲಿ ನಡೆಯುವುದು ಇನ್ನೂ ವಿಚಿತ್ರ. ಚರ್ಮ ಹದ ಮಾಡುವ ಕ್ರೋಮ್ ಲೆದರ್ ಕಂಪನಿಯಿಂದ ಹೆಸರು ಪಡೆದ ಊರಿದು. 1949ರಲ್ಲಿ ಸಿ. ರಾಜಂ ಇಲ್ಲಿ ಕಟ್ಟಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಬ್ದುಲ್ ಕಲಾಂ ವಿಮಾನ ಶಾಸ್ತ್ರ ಓದಿದರು. ಅದೇ ಅಂಗಳದಲ್ಲಿ ಮೊದಲಿನಿಂದಲೂ ಆಟೊಮೊಬೈಲ್ ಎಂಜಿನಿಯರಿಂಗ್ ಕಲಿಸುತ್ತಾರೆ. ಇದೇ ನಗರದ ಪಾಡಿಯಲ್ಲಿ ದೇಶಕ್ಕೆಲ್ಲ ಬ್ರೇಕ್ ಮಾಡಿಕೊಡುವ ಕಾರ್ಖಾನೆಗಳಿವೆ. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಲೆಕ್ಕವಿದೆ. ಜಿಎಸ್‌ಟಿ ರಸ್ತೆಯ ಪಕ್ಕದ ಗ್ಯಾರೇಜಿಗೆ ಬರುವಷ್ಟರಲ್ಲಿ ಆ ಲೆಕ್ಕ ಕಾಣೆಯಾಗುತ್ತದೆ.

ಡಿಸ್ಕ್ ತಟ್ಟೆಯಂತೆ ಡೊಂಕಾಗುವುದು ಅಪರೂಪ. ರೇಸ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಮಿಥ್ಯೆ ಎಂದೇ ಕರೆದು ಪ್ರಸಿದ್ಧ ಲೇಖನ ಬರೆದಿದ್ದರು. ಸಾಮಾನ್ಯವಾಗಿ ನಡೆಯುವುದು ಬೇರೆ: ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ದಪ್ಪನೆಯ ಜಾಗ ಪ್ಯಾಡುಗಳ ನಡುವೆ ಹಾದಾಗಲೆಲ್ಲ ಹಿಡಿತ ಹೆಚ್ಚುತ್ತದೆ, ತೆಳ್ಳಗಿನ ಜಾಗದಲ್ಲಿ ಸಡಿಲುತ್ತದೆ. 0.02 ಮಿ.ಮೀ. ವ್ಯತ್ಯಾಸವೂ ಕೈಗೆ ತಿಳಿಯಬಹುದು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.85 ಮೀಟರ್, 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸಲ ತಿರುಗುತ್ತದೆ. ಆ ಲಯಕ್ಕೆ ಸ್ಟೇರಿಂಗ್ ಮತ್ತು ಸಸ್ಪೆನ್ಷನ್ ದನಿಗೂಡಿಸುತ್ತವೆ. 30ರಲ್ಲಿ ಸುಮ್ಮನಿರುವ ಕಾರು 80ರಲ್ಲಿ ನಡುಗುವುದು ಅದಕ್ಕೇ.

ದಪ್ಪ ಏಕೆ ಏರುಪೇರಾಗುತ್ತದೆ? ಒಂದು ಕಾರಣ ಬಿಸಿ. ವೇಗದಿಂದ ಬಲವಾಗಿ ಬ್ರೇಕ್ ಹಿಡಿದು ಸಿಗ್ನಲ್ಲಿನಲ್ಲಿ ಪೆಡಲ್ ಅದುಮಿಕೊಂಡೇ ನಿಂತರೆ, ಕಾದ ಪ್ಯಾಡಿನ ಪದಾರ್ಥ ಡಿಸ್ಕಿನ ಒಂದೇ ಕಡೆ ಅಂಟಿಕೊಳ್ಳಬಹುದು. ಇನ್ನೊಂದು ಕಾರಣ ತುಕ್ಕು. ಕಡಲ ಗಾಳಿ, ನಿಂತ ಮಳೆನೀರು ಇರುವ ಊರಿನಲ್ಲಿ ಹಬ್‌ಗೆ ತುಕ್ಕು ಹತ್ತುವುದು ಸಹಜ. ಹಬ್‌ನ ಅಂಚಿನಲ್ಲಿ 0.05 ಮಿ.ಮೀ.ನಷ್ಟು ತುಕ್ಕಿನ ಚೂರು ಉಳಿದರೂ ಡಿಸ್ಕಿನ ಅಂಚಿನಲ್ಲಿ ಓಲಾಟ ಸುಮಾರು ಇಮ್ಮಡಿಯಾಗುತ್ತದೆ. ಅನೇಕ ಕಾರುಗಳಿಗೆ ಕಂಪನಿ ಒಪ್ಪುವ ಮಿತಿಯೇ 0.1 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಗಾಳಿ ಗನ್ನಿನಿಂದ ನಟ್ಟುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿಗಿದರೂ ಇದೇ ಫಲ.

ಇಲ್ಲಿಯೇ ಅನ್ಯಾಯ ಅಡಗಿರುವುದು. ಓಲಾಡುವ ಡಿಸ್ಕ್ ಮೊದಲ ದಿನವೇ ನಡುಗಿಸುವುದಿಲ್ಲ. ಬ್ರೇಕ್ ಒತ್ತದಿದ್ದಾಗಲೂ ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ, ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಸವೆಯುತ್ತದೆ. ಅಷ್ಟರಲ್ಲಿ ಹಬ್ ಒರೆಸದೆ ಡಿಸ್ಕ್ ಕೂರಿಸಿದ ಕೈ ಯಾರದೆಂದು ಯಾರಿಗೂ ನೆನಪಿರುವುದಿಲ್ಲ. ಅದೇ ತುಕ್ಕಿನ ಮೇಲೆ ಮತ್ತೆ ಹೊಸ ಡಿಸ್ಕ್ ಬರುತ್ತದೆ. ಬೈಸಿಕೊಳ್ಳುವುದು ಬಿಡಿಭಾಗದ ಕಂಪನಿ, ದುಡ್ಡು ಕೊಡುವುದು ಕಾರಿನವರು.

ದುಡ್ಡು ಹೋದರೆ ಹೋಗಲಿ ಎನ್ನುವವರೂ ಒಂದು ಮಾತು ಕೇಳಬೇಕು. ಸವೆದ ಬಾಲ್ ಜಾಯಿಂಟ್, ಹರಿದ ಲೋವರ್ ಆರ್ಮ್ ಬುಷ್, ಸಡಿಲ ನಟ್ಟು ಇವುಗಳಿಂದಲೂ ಬ್ರೇಕ್ ಹಿಡಿದಾಗ ಕಾರು ಅದುರುತ್ತದೆ. ಡಿಸ್ಕ್ ಬದಲಿಸಿ ‘ಇನ್ನು ಓಡಿಸಿ’ ಎಂದು ಕಳಿಸಿದ ಕಾರಿನಲ್ಲಿ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ತಪ್ಪು ರೋಗನಿರ್ಣಯದ ನಿಜವಾದ ಬೆಲೆ ಅದು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಎಬಿಎಸ್ ವಿಚಾರ ತೀರಿಸಿಕೊಳ್ಳಬೇಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಚಕ್ರ ಜಾರುವ ಹಂತದಲ್ಲಿ ಮಾತ್ರ ಪೆಡಲ್ ಟಕಟಕ ಬಡಿದರೆ ಅದು ದೋಷವಲ್ಲ, ಜೀವ ಉಳಿಸುವ ಕೆಲಸ. ಬ್ರೇಕ್ ಒತ್ತದಿದ್ದಾಗಲೂ ನಡುಕವಿದ್ದರೆ ಮೊದಲು ಟೈರು, ಬ್ಯಾಲೆನ್ಸಿಂಗ್ ನೋಡಬೇಕು. ಸ್ಟೇರಿಂಗ್ ನಡುಗಿದರೆ ಅನುಮಾನ ಮುಂದಿನ ಚಕ್ರಗಳ ಮೇಲೆ. ಸೀಟು, ನೆಲ ನಡುಗಿದರೆ ಹಿಂದಿನ ಡ್ರಮ್ಮಿನ ಮೇಲೆ. ಆಮೇಲೆ ಜಾಯಿಂಟು, ಬುಷ್, ಬೇರಿಂಗ್, ಕ್ಯಾಲಿಪರ್ ಪಿನ್ನು. ಕೊನೆಗೆ ಡಯಲ್ ಗೇಜಿನಲ್ಲಿ ಓಲಾಟ, ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಕಡೆ ದಪ್ಪ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ. ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಲೇತಿನಲ್ಲಿ ಸವರಿಸಬಹುದು, ಇಲ್ಲದಿದ್ದರೆ ಬದಲಿಸಲೇಬೇಕು. ಎರಡರಲ್ಲಿ ಯಾವುದೇ ಆಗಲಿ, ಹಬ್ ಉಜ್ಜಿ ಹೊಳೆಯುವಂತೆ ಮಾಡಿ, ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಮೆಕ್ಯಾನಿಕ್ಕುಗಳ ಕಡೆಯಿಂದಲೂ ಒಂದು ನ್ಯಾಯವಾದ ಮಾತಿದೆ: ‘ಒಂದು ಗಂಟೆ ಅಳೆದರೆ ಕೂಲಿ ಯಾರು ಕೊಡುತ್ತಾರೆ?’ ಸತ್ಯ. ಸಾವಿರಾರು ರೂಪಾಯಿಯ ಬಿಡಿಭಾಗಕ್ಕೆ ಮರುಮಾತಾಡದ ಗಿರಾಕಿ, ‘ನೋಡಿದ್ದಕ್ಕೆ’ ಮುನ್ನೂರು ಕೇಳಿದರೆ ಸಿಡಿಮಿಡಿಗೊಳ್ಳುತ್ತಾನೆ. ಬಿಲ್ಲಿನಲ್ಲಿ ಬುದ್ಧಿಗೆ ಸಾಲು ಇಲ್ಲದಿದ್ದರೆ ಹುಡುಗರು ಬದಲಿಸುವುದನ್ನು ಮಾತ್ರ ಕಲಿಯುತ್ತಾರೆ. ಆದರೆ ಈ ಸಬೂಬು ಅರ್ಧ ದಾರಿ ಮಾತ್ರ ಬರುತ್ತದೆ. ಅಳೆಯುವುದಕ್ಕೆ ಕೂಲಿ ಕೇಳುವ ಹಕ್ಕು ಗ್ಯಾರೇಜಿಗಿದೆ. ಅಳೆಯದೆ ‘ಬೆಂಡ್’ ಎಂದು ಹೇಳುವ ಹಕ್ಕಿಲ್ಲ.

ಹಾಗಾಗಿ ಕಾರಿನವರು ಕೇಳಬೇಕಾದ ಪ್ರಶ್ನೆ ಒಂದೇ: ‘ಎಷ್ಟು?’ ಓಲಾಟ ಎಷ್ಟು, ದಪ್ಪದ ವ್ಯತ್ಯಾಸ ಎಷ್ಟು, ಮಿತಿ ಎಷ್ಟು. ಮೂರು ಅಂಕಿ ಚೀಟಿಯಲ್ಲಿ ಬರೆದುಕೊಟ್ಟವರಿಗೆ ಕೇಳಿದಷ್ಟು ಕೂಲಿ ಕೊಟ್ಟು ಮತ್ತೆ ಅವರಲ್ಲಿಗೇ ಹೋಗಬೇಕು. ಅಂಕಿಯಿಲ್ಲದೆ ಡಿಸ್ಕಿನ ಪೆಟ್ಟಿಗೆ ತೆರೆಯುವವರ ಬಳಿಯಿಂದ ಕೀಲಿ ವಾಪಸ್ ಪಡೆಯಬೇಕು.