ಅಂದಾಜು ಮೀರಿದ್ರ ಯಾರ ಕೆಲಸ ನಿಲ್ತದ?



ಚಂದಾಪುರದ ನಮ್ಮ ಓಣಿಯ ಸಮುದಾಯ ಭವನ ಲಿಂಟಲ್ ಮಟ್ಟಕ್ಕೆ ಬಂದು ನಿಂತದ. ಮೇಲೆ ಚಾಚಿದ ಕಬ್ಬಿಣಕ್ಕೆ ತುಕ್ಕು ಹಿಡಿದದ, ಒಳಗ ಆಡು ಕಟ್ತಾರ. ಮೊನ್ನೆ ಎಂಜಿನಿಯರ್ ಸಾಹೇಬ್ರಿಗೆ ಕೇಳಿದೆ. "ಎಸ್ಟಿಮೇಟ್ ಮುಗದದರಿ. ಸಿಮೆಂಟು, ಕಬ್ಬಿಣ ತುಟ್ಟಿ ಆಗ್ಯಾವ. ಹೆಚ್ಚುವರಿ ಅನುದಾನ ಬಂದ್ರ ನೋಡೋಣು" ಅಂದ್ರು. (ಅತ್ತ ಸೇಡಂ, ಇತ್ತ ವಾಡಿ, ಎಲ್ಲಾ ಕಡೆ ಸಿಮೆಂಟ್ ಕಾರ್ಖಾನೆ. ನಮ್ಮ ಓಣಿಗೆ ಮಾತ್ರ ಸಿಮೆಂಟು ತುಟ್ಟಿ!)

ಸಾಹೇಬ್ರು ಸುಳ್ಳು ಹೇಳಿಲ್ಲ ಅಂತಲೇ ಇಟ್ಕೊಳ್ಳೋಣ. ಆದರೆ ಈ ನಿಯಮ ಎಲ್ಲರಿಗೂ ಒಂದೇ ಏನು?

ಎತ್ತಿನಹೊಳೆ ಯೋಜನೆ ನೋಡ್ರಿ. 2012ರಲ್ಲಿ 8,323 ಕೋಟಿ. ಎರಡೇ ವರ್ಷಕ್ಕೆ 12,912 ಕೋಟಿ. ಆಮೇಲೆ 23,251 ಕೋಟಿ. ಅಂದಾಜು ಮುಗೀತು, ಇನ್ನು ಕೆಲಸ ಬಂದ್ ಅಂತ ಯಾರಾದ್ರೂ ಹೇಳಿದ್ರಾ? ಸಚಿವ ಸಂಪುಟ ಕೂತು "ಪರಿಷ್ಕೃತ ಅಂದಾಜು" ಅಂತ ಹೆಸರಿಟ್ಟು ಒಪ್ಪಿಗೆ ಕೊಡ್ತು. ದೊಡ್ಡವರ ಯೋಜನೆ ಮೀರಿದರೆ ಪರಿಷ್ಕರಣೆ, ನಮ್ಮದು ಮೀರಿದರೆ ಅಪೂರ್ಣ ಕಾಮಗಾರಿ.

ಕೃಷ್ಣಾ ಮೇಲ್ದಂಡೆ ಮೂರನೇ ಹಂತ 2012ರಲ್ಲಿ 17,207 ಕೋಟಿ ಇತ್ತು, 2017ಕ್ಕೆ 51,148 ಕೋಟಿ ಆಯ್ತು. ಇದಕ್ಕೆ ಬರೀ ಗುತ್ತಿಗೆದಾರರನ್ನ ಬೈದರೆ ತಪ್ಪಾಗ್ತದ. ದೊಡ್ಡ ಕಾರಣ 2013ರ ಭೂಸ್ವಾಧೀನ ಕಾಯ್ದೆ. ಪರಿಹಾರ ಹೆಚ್ಚು ಕೊಡಬೇಕಾಯ್ತು. ಹಂಗಾದ್ರ ಮೊದಲಿನ ಅಂದಾಜು ಕಡಿಮೆ ಇದ್ದದ್ದು ಯಾಕ? ಮುಳುಗುವ ಜನರ ಹೊಲಕ್ಕೆ ಅಗ್ಗದ ಬೆಲೆ ಕಟ್ಟಿದ್ದಕ್ಕ. ಲೆಕ್ಕದಾಗ ಉಳಿತಾಯ ಅಂತ ಕಂಡದ್ದು ಅವರ ನಷ್ಟ.

ಖರ್ಚು ಎಲ್ಲಿಗೆ ಮುಟ್ತದ ಅಂತ ಮೊದಲೇ ಹೇಳೋಕೆ ಜ್ಯೋತಿಷ್ಯ ಬೇಕಾಗಿಲ್ಲ. ಬೆಂಟ್ ಫ್ಲೂಬ್ಯೋರ್ ಅನ್ನೋ ಡೆನ್ಮಾರ್ಕಿನ ವಿದ್ವಾಂಸರು ದೇಶದೇಶಗಳ ದೊಡ್ಡ ಯೋಜನೆಗಳ ಲೆಕ್ಕ ಕೂಡಿಹಾಕಿ ಒಂದು ಸರಳ ದಾರಿ ಹೇಳ್ಯಾರ: ನಿಮ್ಮ ಯೋಜನೆ ಒಳಗಿಂದ ನೋಡಬ್ಯಾಡ್ರಿ, ಅಂಥಾವೇ ಹಿಂದಿನ ಯೋಜನೆ ಎಷ್ಟು ಮೀರಿದ್ವು ನೋಡಿ, ಅಷ್ಟು ಸೇರಿಸ್ರಿ. ಕಡಿಮೆ ತೋರಿಸಿದರೇ ಮಂಜೂರಾತಿ ಸಿಗ್ತದ, ಅದಕ್ಕೇ ಬೇಕಂತಲೇ ಕಡಿಮೆ ತೋರಿಸ್ತಾರ ಅಂತಲೂ ಅವರು ಬರೆದಾರ. ಇದು ನಮ್ಮ ಕಡೆ ಚಹಾ ಅಂಗಡಿಯವರಿಗೂ ಗೊತ್ತಿರೋ ಸಂಗತಿ, ಇರ್ಲಿ.

ದೊಡ್ಡ ಯೋಜನೆ ಮೀರಿದರೆ ದಲಿತರಿಗೇನು ಅಂತ ಕೇಳೋರಿಗೆ ಒಂದು ಮಾತು. 2013ರ ಎಸ್‌ಸಿಎಸ್‌ಪಿ/ಟಿಎಸ್‌ಪಿ ಕಾಯ್ದೆಯ 7ಡಿ ಕಲಂ ನೆನಪದ ಅಲ್ಲಾ? ವಿಂಗಡಿಸಲಾಗದ ದೊಡ್ಡ ಮೂಲಸೌಕರ್ಯ ಕಾಮಗಾರಿಯ ಒಂದು ಪಾಲನ್ನು ನಮಗೇ ಖರ್ಚು ಮಾಡಿದ್ದು ಅಂತ "ಭಾವಿಸಲು" ಅದು ದಾರಿ ಕೊಟ್ಟಿತ್ತು. ಕಾಮಗಾರಿ ಉಬ್ಬಿದಷ್ಟೂ ನಮ್ಮ ಹೆಸರಿಗೆ ಬರೆಯೋ ಪಾಲು ಉಬ್ಬೋ ವ್ಯವಸ್ಥೆ. ವರ್ಷಗಟ್ಟಲೆ ಹೋರಾಡಿದ ಮ್ಯಾಲ 2023ರಲ್ಲಿ ಅದು ರದ್ದಾಯ್ತು. 7ಸಿ ಇನ್ನೂ ಉಳಿದದ.

ನಮ್ಮ ಬೇಡಿಕೆ ಎರಡೇ. ಪ್ರತಿ ಹೊಸ ಅಂದಾಜಿನ ಜೋಡಿ ಆ ಇಲಾಖೆಯ ಹಿಂದಿನ ಅಂಥಾ ಕಾಮಗಾರಿಗಳ ಮೊದಲ ಅಂದಾಜು, ಕೊನೆಯ ಬಿಲ್ಲು ಎರಡೂ ಪ್ರಕಟ ಆಗಬೇಕು. ಕೇರಿಯ ಕಾಮಗಾರಿಗೆ ದರ ಏರಿಕೆಯ ಹಣ ಮೊದಲೇ ಎತ್ತಿಡಬೇಕು.

ಚಿಂಚೋಳಿ ತಾಲ್ಲೂಕಿನ ಕೇರಿಗಳಾಗ ಎಷ್ಟು ಭವನ ಅರ್ಧಕ್ಕ ನಿಂತಾವ ಅಂತ ಆರ್‌ಟಿಐ ಹಾಕೀನಿ. ನೀವೂ ನಿಮ್ಮ ತಾಲ್ಲೂಕಿನ್ಯಾಗ ಹಾಕ್ರಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರಬಾರದು. ನಮೂನೆ ಬೇಕಾದ್ರ ಇನ್‌ಬಾಕ್ಸಿಗೆ ಬರ್ರಿ.