20 ರೂಪಾಯಿ ದಂಡಕ್ಕೆ ಜೀವಮಾನದ ಶಿಕ್ಷೆಯೇ?

ನೌಕರಿಯ ಅರ್ಜಿಯಲ್ಲಿ ಹೆಸರು, ವಯಸ್ಸು, ವಿದ್ಯಾರ್ಹತೆಗಳಾದ ಮೇಲೆ ಒಂದು ಪ್ರಶ್ನೆ ಬರುತ್ತದೆ: ಹಿಂದೆ ಯಾವುದಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ? ಬಡವನ ಮಗನ ಕೈ ಅಲ್ಲಿ ನಿಲ್ಲುತ್ತದೆ. ಹೌದೆಂದರೆ ಅರ್ಜಿ ಕಸದ ಬುಟ್ಟಿಗೆ. ಇಲ್ಲವೆಂದರೆ ಮುಂದೆ ಪೊಲೀಸ್ ವಿಚಾರಣೆಯಲ್ಲಿ ಸಿಕ್ಕಿಬಿದ್ದು ಕೆಲಸಕ್ಕೇ ಸಂಚಕಾರ.

ಶಿಕ್ಷೆಯೆಂದರೆ ಕೊಲೆ, ದರೋಡೆಗಳಿಗೆ ಆದದ್ದೇ ಆಗಬೇಕಿಲ್ಲ. ಬೀದಿ ಜಗಳಕ್ಕೆ, ರಸ್ತೆಗೆ ಅಡ್ಡವಾಗಿ ತಳ್ಳುಗಾಡಿ ನಿಲ್ಲಿಸಿದ್ದಕ್ಕೆ, ಅಪ್ಪಣೆಯಿಲ್ಲದೆ ಮೆರವಣಿಗೆ ಹೊರಟಿದ್ದಕ್ಕೆ ಮೊಕದ್ದಮೆ ಬೀಳುತ್ತದೆ. ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವುದಕ್ಕಿಂತ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುವುದೇ ಅಗ್ಗವೆಂದು ದುಡಿಯುವವನು ಲೆಕ್ಕ ಹಾಕುತ್ತಾನೆ. ಹಾಗೆ ಕಟ್ಟಿದ ದಂಡವೂ ಕಾನೂನಿನ ಕಣ್ಣಿಗೆ ಶಿಕ್ಷೆಯೇ ಎಂಬುದು ಅವನಿಗೆ ತಿಳಿಯುವುದು ನೌಕರಿ ಹೋದ ಮೇಲೆ.

ಇದು ಬರಿಯ ಊಹೆಯಲ್ಲ. ಹರಿಯಾಣದ ಕೆಳದರ್ಜೆಯ ಸರ್ಕಾರಿ ನೌಕರನೊಬ್ಬನಿಗೆ ಆಗಿನ ದಂಡಸಂಹಿತೆಯ 294ನೇ ಕಲಮಿನಂತೆ ಆದ ದಂಡ ಕೇವಲ 20 ರೂಪಾಯಿ. ಅಷ್ಟಕ್ಕೇ ಅವನ ಕೆಲಸ ಹೋಯಿತು. 1996ರಲ್ಲಿ ಸುಪ್ರೀಂ ಕೋರ್ಟು ಅವನ ಪರ ತೀರ್ಪಿತ್ತಿತು. ಸುಮಾರು 2000 ರೂಪಾಯಿಯವರೆಗಿನ ದಂಡವನ್ನು ಯಾವ ಉದ್ದೇಶಕ್ಕೂ ಶಿಕ್ಷೆಯೆಂದು ಎಣಿಸದಂತೆ ಪಾರ್ಲಿಮೆಂಟು ಕಾನೂನು ಮಾಡಲಿ ಎಂದೂ ಹೇಳಿತು. ಅಲ್ಲಿಂದೀಚೆಗೆ ಎಷ್ಟೋ ಸರ್ಕಾರಗಳು ಬಂದು ಹೋದವು. ಆ ಕಾನೂನು ಮಾತ್ರ ಬರಲಿಲ್ಲ.

2016ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ, ಅರ್ಜಿದಾರನು ನಿಜವನ್ನೇ ಬರೆಯಬೇಕೆಂದು ವಿಧಿಸಿತು. ಎಳೆವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಮಾಲೀಕನು ಮನ್ನಿಸಬಹುದೆಂದೂ ಹೇಳಿತು. ಮನ್ನಿಸಬಹುದು, ಅಷ್ಟೇ, ಮನ್ನಿಸಲೇಬೇಕೆಂದಿಲ್ಲ. ನಿಜ ಹೇಳಿದವನಿಗೂ ಕೆಲಸ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಅಂದರೆ ಕಾರ್ಮಿಕನ ಅನ್ನ ಧಣಿಯ ಮರ್ಜಿಗೆ ಬಿಟ್ಟದ್ದು.

ಇನ್ನು ಶಾಸನ ಮಾಡುವವರನ್ನು ನೋಡಿ. 1951ರ ಪ್ರಜಾಪ್ರತಿನಿಧಿ ಕಾಯಿದೆಯಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಸಜೆಯಾದವನು ಬಿಡುಗಡೆಯಾಗಿ ಆರು ವರ್ಷ ಕಳೆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು. ಗೆದ್ದರೆ ಮಂತ್ರಿಯೂ ಆಗಬಹುದು. ಮಂತ್ರಿಯ ಕಳಂಕಕ್ಕೆ ಅವಧಿಯುಂಟು, ಅವನ ಬಾಗಿಲು ಕಾಯುವ ಜವಾನನ ಕಳಂಕಕ್ಕೆ ಅವಧಿಯಿಲ್ಲ! ಇದಾವ ಸಮಾನತೆ?

ಜೈಲು ಕಂಡವರೆಲ್ಲ ನೀಚರೂ ಅಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವ ಹಕ್ಕಿಗಾಗಿ ಜೈಲಿಗೆ ಹೋದರು, ಡಾ. ಲೋಹಿಯಾ ಅವರೂ ಅಲ್ಲಿ ಬಂಧಿತರಾದರು. ಅರ್ಜಿಯ ಪ್ರಶ್ನೆಗೆ ಸತ್ಯಾಗ್ರಹಿಗೂ ಜೇಬುಗಳ್ಳನಿಗೂ ಭೇದ ತಿಳಿಯದು.

ಗಲ್ಲಾಪೆಟ್ಟಿಗೆಯನ್ನು ಯಾರ ಕೈಗೆ ಒಪ್ಪಿಸುತ್ತೇವೆಂದು ತಿಳಿಯಬೇಡವೇ ಎಂದು ಅಂಗಡಿಯ ಮಿತ್ರರು ಕೇಳಬಹುದು. ನ್ಯಾಯವಾದ ಮಾತು. ಹಣ ನೋಡಿಕೊಳ್ಳುವ ಕೆಲಸಕ್ಕೆ ವಂಚನೆಯ ಶಿಕ್ಷೆಯನ್ನು ಕೇಳಲಿ, ಮಕ್ಕಳನ್ನು ಕಾಯುವ ಕೆಲಸಕ್ಕೆ ಮಕ್ಕಳ ಮೇಲಿನ ಅಪರಾಧವನ್ನು ಕೇಳಲಿ. ನೂಲು ತೆಗೆಯುವವನ ಹಳೆಯ ಬೀದಿಜಗಳದಿಂದ ಗಿರಣಿಗೆ ಆಗುವ ನಷ್ಟವೇನು?

ಆದ್ದರಿಂದ ನಮ್ಮ ಒತ್ತಾಯ ಮೂರು. ಸಣ್ಣ ದಂಡದ ಪ್ರಕರಣಗಳನ್ನು ಅರ್ಜಿಯಲ್ಲಿ ಕೇಳಕೂಡದು. ಉಳಿದ ಶಿಕ್ಷೆಗಳಿಗೆ ಬ್ರಿಟನ್ನಿನ 1974ರ ಕಾನೂನಿನಂತೆ ಅವಧಿ ಗೊತ್ತುಮಾಡಿ, ಅದು ತೀರಿದ ಮೇಲೆ ಹೇಳುವ ಹೊಣೆಯನ್ನು ತೆಗೆಯಬೇಕು. ಕೆಲಸಕ್ಕೆ ಸಂಬಂಧಿಸದ ಶಿಕ್ಷೆಯ ನೆಪದಿಂದ ಯಾರನ್ನೂ ತಳ್ಳಕೂಡದು.

ಅಲ್ಲಿಯವರೆಗೆ ಕಾರ್ಮಿಕ ಬಂಧುಗಳಿಗೆ ನಮ್ಮದೊಂದು ಮಾತು: ವಕೀಲರನ್ನೋ ಸಂಘದವರನ್ನೋ ಕೇಳದೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳಬೇಡಿ. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಡಬೇಡಿ. ದಂಡ ಕಟ್ಟಿದವನ ಋಣ ಅಲ್ಲಿಗೇ ತೀರಿತು. ಅದಕ್ಕೆ ಬಡ್ಡಿ ಕೇಳುವ ಹಕ್ಕು ಯಾವ ಧಣಿಗೂ ಇರಕೂಡದು.