ತೆರೆಯದ ತಾಣಗಳೇ ಹೇಳುವ ರೋಗ

ಸರ್ವರ್‌ನಲ್ಲಿ ಪತ್ರಿಕೆ ತೆರೆಯುತ್ತದೆ, ಮಿಂಚಂಚೆ ತೆರೆಯುತ್ತದೆ. ವೈರಸ್ ನಿರೋಧಕ ಸಂಸ್ಥೆಗಳ ತಾಣಗಳು ಮತ್ತು ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಪುಟ ಮಾತ್ರ ತೆರೆಯುವುದಿಲ್ಲ. ಇಂತಹ ಸಂದರ್ಭಕ್ಕೆ ನಮ್ಮಲ್ಲಿ ಎರಡು ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ: 'ಲೈನ್ ಸರಿಯಿಲ್ಲ' ಎಂಬುದೊಂದು, 'ಫಾರ್ಮ್ಯಾಟ್ ಮಾಡಿಬಿಡಿ' ಎಂಬುದಿನ್ನೊಂದು. ಎರಡೂ ನಾಡಿ ಹಿಡಿಯದೆ ಕೊಟ್ಟ ಔಷಧಿಗಳೆಂದೇ ನನ್ನ ಅಭಿಪ್ರಾಯ. ಕೆಟ್ಟ ಲೈನು ಹೀಗೆ ಆರಿಸಿ ಆರಿಸಿ ಕೆಡುವುದಿಲ್ಲ. ಗಣಿತದ ಪೀರಿಯಡ್ಡಿಗೆ ಮಾತ್ರ ಹೊಟ್ಟೆನೋವು ಬರುವ ಹುಡುಗನ ವಿಷಯದಲ್ಲಿ ಮೇಷ್ಟರು ಮೊದಲು ನೋಡುವುದು ವೇಳಾಪಟ್ಟಿಯನ್ನು!

2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು ಇದಕ್ಕೆ ಒಳ್ಳೆಯ ನಿದರ್ಶನ. ವೈದ್ಯನ ಮನೆಯ ದಾರಿಯನ್ನೇ ಮುಚ್ಚಿಬಿಡುವುದು ಅದರ ಉಪಾಯ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಪರಿವರ್ತಿಸುವ ಕೆಲಸ ವಿಂಡೋಸ್‌ನ ಒಂದು ಭಾಗದ್ದು. ಕಾನ್‌ಫಿಕರ್ ಸ್ಮೃತಿಯಲ್ಲಿ ಆ ಭಾಗದೊಳಗೇ ಸೇರಿಕೊಂಡು, ಹೆಸರಿನಲ್ಲಿ ತನಗಾಗದ ಪದವಿದ್ದರೆ 'ಅಂಥವರು ಯಾರೂ ಇಲ್ಲ' ಎಂದು ಹೇಳಿ ಕಳುಹಿಸುತ್ತಿತ್ತು. ಹೋಸ್ಟ್ಸ್ ಕಡತವನ್ನು ಅದು ಮುಟ್ಟುತ್ತಿರಲಿಲ್ಲ. ಆದ್ದರಿಂದ ಆ ಕಡತವೊಂದನ್ನೇ ತೆರೆದು ನೋಡಿ 'ಎಲ್ಲ ಸರಿಯಾಗಿದೆ' ಎನ್ನುವುದು ಅರ್ಧ ಪರೀಕ್ಷೆ ಮಾತ್ರ.

ಪೂರ್ಣ ಪರೀಕ್ಷೆಗೆ ಖರ್ಚೇನೂ ಇಲ್ಲ. ತೆರೆಯದ ತಾಣದ ಹೆಸರನ್ನು ಎನ್ಎಸ್‌ಲುಕಪ್ ಆಜ್ಞೆಗೆ ಕೊಡಬೇಕು. ಅದು ವಿಂಡೋಸ್‌ನ ಆ ಭಾಗವನ್ನು ಆಶ್ರಯಿಸದೆ ನೇರವಾಗಿ ಡಿಎನ್ಎಸ್ ಸರ್ವರನ್ನು ಕೇಳುತ್ತದೆ. ಅಲ್ಲಿ ಸರಿಯಾದ ವಿಳಾಸ ಬಂದು, ಬ್ರೌಸರ್ ಮಾತ್ರ 'ಸಿಗಲಿಲ್ಲ' ಎಂದರೆ ಸಂಶಯ ಯಂತ್ರದೊಳಕ್ಕೇ ತಿರುಗುತ್ತದೆ. ಅದೇ ಲೈನಿನ ಮತ್ತೊಂದು ಯಂತ್ರದಲ್ಲಿ ತಾಣ ತೆರೆದರಂತೂ ಲೈನಿನ ಮೇಲಿನ ಆರೋಪ ಬಿದ್ದೇ ಹೋಯಿತು. 2009ರಲ್ಲಿ ಜೋ ಸ್ಟುವರ್ಟ್ ಎಂಬ ತಜ್ಞರು ಕಣ್ಣಿನ ವೈದ್ಯರ ಫಲಕದಂತಹ ಪುಟವೊಂದನ್ನು ಮಾಡಿದ್ದರು: ಮೇಲಿನ ಸಾಲಿನಲ್ಲಿ ಭದ್ರತಾ ಸಂಸ್ಥೆಗಳ ಚಿತ್ರಗಳು, ಕೆಳಗೆ ಲಿನಕ್ಸ್ ಮೊದಲಾದವುಗಳದು. ಮೇಲಿನವು ಮಾತ್ರ ಕಾಣದಿದ್ದರೆ ಸೋಂಕಿನ ಶಂಕೆ. ಬೋಧನೋಪಕರಣವೆಂದರೆ ಹೀಗಿರಬೇಕು! (ಪ್ರಾಕ್ಸಿಯ ಹಿಂದಿರುವ ಯಂತ್ರದಲ್ಲಿ ಈ ಫಲಕವನ್ನು ನಂಬುವಂತಿರಲಿಲ್ಲ, ಅಲ್ಲಿ ಹೆಸರು ಹುಡುಕುವುದು ಪ್ರಾಕ್ಸಿಯ ಕೆಲಸ.)

ಎಲ್ಲವೂ ಕಾನ್‌ಫಿಕರ್ ಅಲ್ಲ, ನಿಜ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್ಎಸ್ ಚೇಂಜರ್, ಯಂತ್ರವು ವಿಳಾಸ ಕೇಳುವ ಸರ್ವರನ್ನೇ ಬದಲಿಸಿಬಿಡುತ್ತಿತ್ತು. ಅಂತಹ ಕಡೆ ಎನ್ಎಸ್‌ಲುಕಪ್‌ನ ಉತ್ತರವೇ ತಪ್ಪಾಗಿರಬಹುದು. ಆಗ ಪರಿಶೀಲಿಸಬೇಕಾದದ್ದು ನೆಟ್‌ವರ್ಕ್ ಹಾಗೂ ರೌಟರಿನ ಡಿಎನ್ಎಸ್ ವಿವರಗಳನ್ನು.

ಫಾರ್ಮ್ಯಾಟ್ ಮಾಡಿದರೆ ಗಂಟೇನು ಹೋಗುತ್ತದೆ ಎನ್ನುವವರಿದ್ದಾರೆ. ಶಾಲೆಯ ಸರ್ವರ್ ಎಂದರೆ ಮಕ್ಕಳ ದಾಖಲಾತಿ, ಅಂಕಪಟ್ಟಿ, ಶುಲ್ಕದ ಲೆಕ್ಕ; ಬ್ಯಾಕಪ್ ಸರಿಯಿಲ್ಲದಿದ್ದರೆ ಹೋಗುವುದು ಅದೇ. ಕಾನ್‌ಫಿಕರ್ ನುಗ್ಗುತ್ತಿದ್ದ ಬಿರುಕಿಗೆ ಮೈಕ್ರೋಸಾಫ್ಟ್ 2008ರ ಅಕ್ಟೋಬರ್ 23ರಂದೇ, ಹುಳು ಬರುವ ಮೊದಲೇ, ತೇಪೆ ಕೊಟ್ಟಿತ್ತು. ಆ ತೇಪೆ ಹಾಕದೆ ಹೊಸದಾಗಿ ಸಿದ್ಧಪಡಿಸಿದ ಸರ್ವರನ್ನು ಅದೇ ಜಾಲಕ್ಕೆ ಸೇರಿಸಿದರೆ, ಪಕ್ಕದ ಸೋಂಕಿತ ಯಂತ್ರ ಮತ್ತೆ ಅಂಟಿಸುತ್ತಿತ್ತು. ಹುಳುವಿನ ಎರಡನೆಯ ರೂಪವಂತೂ ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿಯೂ, ಪೆನ್‌ಡ್ರೈವ್ ಹತ್ತಿಯೂ ಹರಡುತ್ತಿತ್ತು. ಆದ್ದರಿಂದ ಶುದ್ಧೀಕರಣದ ತಂತ್ರಾಂಶವನ್ನು ಆರೋಗ್ಯವಂತ ಯಂತ್ರದಲ್ಲಿ ಇಳಿಸಿಕೊಂಡು, ಸಿಡಿಗೆ ಬರೆದು ಒಯ್ಯುವುದು ಆಗ ಜಾಣತನವಾಗಿತ್ತು. ಪೆನ್‌ಡ್ರೈವಿನಲ್ಲಿ ಒಯ್ದರೆ ಮರಳಿ ಬರುವಾಗ ಹುಳುವೂ ಜೊತೆಗೆ ಬರುವ ಸಂಭವವಿತ್ತು.